ಓಡೋ ಗಾಡಿ ಕೊಳ್ಳೋ ಮುಂಚೆ ಓಡೋ ರಸ್ತೆ ನೋಡಿ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಹೊಸಪೇಟೆ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ಕೂಸಿನ್ನ ಮಲಗಿಸಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಜಾಗಿಂಗ್ ಸ್ಟ್ರಾಲರ್. ಅಂದ್ರೆ ಮಗುವನ್ನ ಕೂರಿಸಿ, ತಳ್ಳಿಕೊಂಡು ಓಡೋ ಮೂರು ಚಕ್ರದ ಗಾಡಿ.

"ಇದೇನಪ್ಪ, ಬೆಂಗಳೂರಿನ ಅಪಾರ್ಟ್‌ಮೆಂಟ್ ಮಂದಿ ವಿಷಯ ನಮಗ್ಯಾಕೆ" ಅಂತ ಸ್ಕಿಪ್ ಮಾಡಬೇಡಿ. ಈ ಪ್ರಶ್ನೆ ಬಂದಿದ್ದು ಬೆಂಗಳೂರಿಂದ ಅಲ್ಲ, ಸಂಡೂರು ತಾಲೂಕಿನ ಯಶವಂತನಗರದಿಂದ. ಕಳಿಸಿದವರು ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಕಾಲೇಜಲ್ಲಿ 1500 ಮೀಟರ್ ಓಡ್ತಿದ್ದ ಹೆಣ್ಣುಮಗಳು. ಈಗ 7 ತಿಂಗಳ ಕೂಸಿದೆ. ಗಂಡನಿಗೆ ಗಣಿಯಲ್ಲಿ ಶಿಫ್ಟ್ ಡ್ಯೂಟಿ. ಅವರ ವಾಯ್ಸ್ ನೋಟಿನ ಮಾತು ಇಷ್ಟು: "ಅಣ್ಣಾ, ನಾ ಓಡೋದು ಬಿಟ್ಟು ಒಂದೂವರಿ ವರ್ಷ ಆತು. ಬೆಳಿಗ್ಗೆ ಅರ್ಧ ತಾಸು ಕೂಸಿನ್ನ ಹಿಡ್ಕೊಳ್ಳೋರು ಯಾರೂ ಇಲ್ಲ. ಆ ಓಡೋ ಗಾಡಿ ಇರ್ತೈತಲ್ಲ, ಅದು ತಗೊಂಡ್ರ ಹೆಂಗ? ತಗೊಂಡ್ರ ಯಾವುದು ತಗೋಬೇಕು?"

ಪ್ರಶ್ನೆ ಗಾಡಿ ಬಗ್ಗೆ ಇದ್ರೂ ಅವರಿಗೆ ಬೇಕಿರೋದು ಅರ್ಧ ತಾಸು. ಇದನ್ನ ನೆನಪಲ್ಲಿ ಇಟ್ಕೊಂಡೇ ಮಾತಾಡೋಣ. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ಕಂತಿಗೆ ಯಾವ ಸ್ಟ್ರಾಲರ್ ಕಂಪನಿಯೂ ದುಡ್ಡು ಕೊಟ್ಟಿಲ್ಲ. ಕೊನೆವರೆಗೆ ಕೇಳಿದ್ರೂ "ಈ ಕಂಪನಿದು ತಗೊಳ್ಳಿ" ಅಂತ ನಾನು ಹೇಳಲ್ಲ. ನೀವೇ ನೋಡಿ ಆರಿಸೋಕೆ ಏನು ಬೇಕೋ ಅದನ್ನ ಹೇಳ್ತೀನಿ.

ಮೊದಲು ಈ ಗಾಡಿ ಎಲ್ಲಿಂದ ಬಂತು ನೋಡೋಣ. 1984ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಅನ್ನೋ ಊರಲ್ಲಿ ಫಿಲ್ ಬೇಕ್ಲರ್ ಅನ್ನೋ ಪತ್ರಕರ್ತರಿದ್ರು. ಅವರಿಗೆ ಓಡೋ ಹುಚ್ಚು, ಮನೇಲಿ ಚಿಕ್ಕ ಮಗ. ಮಗನ ಜೊತೆನೂ ಇರಬೇಕು, ಓಟವೂ ತಪ್ಪಬಾರದು ಅಂತ ಮಾಮೂಲಿ ಸ್ಟ್ರಾಲರ್‌ಗೆ ಸೈಕಲ್ ಚಕ್ರ ಜೋಡಿಸಿದ್ರು. ಅದೇ ಮುಂದೆ ಬೇಬಿ ಜಾಗರ್ ಅನ್ನೋ ಕಂಪನಿ ಆಯ್ತು. ಗಮನಿಸಿ, ಈ ಗಾಡಿ ಮಾಡಿದ್ದು ಒಬ್ಬ ಅಪ್ಪ, ತಾನೇ ತಳ್ಳೋಕೆ ಅಂತ ಮಾಡಿದ್ದು. ಈ ಮಾತಿಗೆ ಆಮೇಲೆ ಬರ್ತೀನಿ.

ಈಗ ಮಾಮೂಲಿ ಗಾಡಿಗೂ ಓಡೋ ಗಾಡಿಗೂ ಏನು ವ್ಯತ್ಯಾಸ? ನಮ್ಮ ಹೊಸಪೇಟೆ, ಬಳ್ಳಾರಿ ಅಂಗಡಿಗಳಲ್ಲಿ ಸಿಗೋ ನಾಲ್ಕು ಚಕ್ರದ ಬೇಬಿ ಗಾಡಿ ನೋಡಿರ್ತೀರ. ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಚಕ್ರ. ಅದು ಮಾಲ್‌ನ ನುಣುಪು ನೆಲಕ್ಕೆ, ಮನೆ ಅಂಗಳಕ್ಕೆ ಸರಿ. ಓಡ್ತಾ ಓಡ್ತಾ ಒಂದು ಕಲ್ಲು ಸಿಕ್ರೆ ಮುಂದಿನ ಚಕ್ರ ಗಕ್ಕನೆ ನಿಲ್ಲುತ್ತೆ, ನಿಮ್ಮ ವೇಗ ನಿಲ್ಲಲ್ಲ. ಗಾಡಿ ಮುಂದಕ್ಕೆ ಮಗುಚುತ್ತೆ. ಅದಕ್ಕೆ ಒಂದೇ ನಿಯಮ: ಮಾಮೂಲಿ ಗಾಡಿ ಹಿಡಿದು ಓಡಬೇಡಿ. ನಡೀರಿ, ಬೇಕಾದಷ್ಟು ನಡೀರಿ.

ಓಡೋ ಗಾಡಿಗೆ ಮೂರು ದೊಡ್ಡ ಚಕ್ರ. ಸಾಮಾನ್ಯವಾಗಿ ಹಿಂದೆ 16 ಇಂಚು, ಮುಂದೆ 12 ಇಂಚು. ಗಾಳಿ ತುಂಬೋ ಟೈರು, ಕೆಳಗೆ ಕುಲುಕಾಟ ತಡೆಯೋ ಸಸ್ಪೆನ್ಷನ್, ಮಗುವಿಗೆ ಐದು ಕಡೆ ಹಿಡಿಯೋ ಬೆಲ್ಟ್: ಎರಡು ಭುಜಕ್ಕೆ, ಎರಡು ಸೊಂಟಕ್ಕೆ, ಒಂದು ಕಾಲಿನ ನಡುವೆ. ನಿಮ್ಮ ಮಣಿಕಟ್ಟಿಗೆ ಕಟ್ಟಿಕೊಳ್ಳೋಕೆ ಒಂದು ಪಟ್ಟಿ. ನಿಲ್ಲಿಸೋಕೆ ಕಾಲಿನ ಬ್ರೇಕ್, ಕೆಲವಕ್ಕೆ ಸೈಕಲ್ ಥರ ಕೈ ಬ್ರೇಕ್ ಕೂಡ.

ಇದರಲ್ಲಿ ಮುಖ್ಯವಾದದ್ದು ಮುಂದಿನ ಚಕ್ರ. ಅದು ಅತ್ತಿತ್ತ ತಿರುಗೋದಾದ್ರೆ ಸಂತೆಯಲ್ಲಿ ನಡೆಯೋಕೆ ಸುಲಭ. ಆದ್ರೆ ಓಡೋವಾಗ ಚಕ್ರ ತಿರುಗಬಾರದು, ನೇರಕ್ಕೆ ಲಾಕ್ ಆಗಿರಬೇಕು. ಇಲ್ಲಾಂದ್ರೆ ಸಣ್ಣ ಗುಂಡಿಗೂ ಚಕ್ರ ಅಡ್ಡ ತಿರುಗಿ ಗಾಡಿ ಪಲ್ಟಿ. ಆನ್‌ಲೈನ್‌ನಲ್ಲಿ ನೋಡೋಕೆ ಮೂರು ಚಕ್ರ ಇರುತ್ತೆ, ಹೆಸರಲ್ಲಿ "ಜಾಗರ್" ಅಂತ ಇರುತ್ತೆ, ಮುಂದಿನ ಚಕ್ರಕ್ಕೆ ಲಾಕೇ ಇರಲ್ಲ. ಅದು ಓಡೋ ಗಾಡಿ ಅಲ್ಲ. ಜೊತೆಗೆ ಬರೋ ಮ್ಯಾನ್ಯುಯಲ್ ತೆಗೆದು ಓದಿ. ಅದರಲ್ಲಿ "ಜಾಗಿಂಗ್‌ಗೆ ಬಳಸಬೇಡಿ" ಅಂತ ಬರೆದಿದ್ರೆ, ಡಬ್ಬದ ಮೇಲೆ ಓಡ್ತಿರೋ ತಾಯಿ ಚಿತ್ರ ಇದ್ರೂ ಬೇಡ.

ಚಕ್ರ ಕಳಚಿ ಜೋಡಿಸೋ ಗಾಡಿ ಆದ್ರೆ ಇನ್ನೂ ಒಂದು ಎಚ್ಚರ. 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬ್ರಿಟಾಕ್ಸ್ ಕಂಪನಿಯ ಬಾಬ್ ಅನ್ನೋ ಹೆಸರಾಂತ ಜಾಗಿಂಗ್ ಸ್ಟ್ರಾಲರ್ ಮೇಲೆ ದೂರು ದಾಖಲಿಸ್ತು. ಓಡ್ತಿರುವಾಗ ಮುಂದಿನ ಚಕ್ರ ಕಳಚಿ ಮಕ್ಕಳಿಗೂ ತಳ್ಳೋರಿಗೂ ಗಾಯ ಆಗ್ತಿದೆ ಅನ್ನೋದು ದೂರು. ಅದೇ ವರ್ಷದ ಕೊನೆಗೆ ರಾಜಿ ಆಯ್ತು. ಚಕ್ರ ಸರಿಯಾಗಿ ಹಾಕೋದು ಹೇಗೆ ಅಂತ ಜನರಿಗೆ ತಿಳಿಸೋಕೆ ಕಂಪನಿ ಒಪ್ಪಿಕೊಳ್ತು. ನಮಗೆ ಇದರಿಂದ ಪಾಠ ಏನು? ಎಷ್ಟೇ ದುಬಾರಿ ಗಾಡಿ ಆಗ್ಲಿ, ಪ್ರತಿ ಸಲ ಹೊರಡೋ ಮುಂಚೆ ಮುಂದಿನ ಚಕ್ರ ಎತ್ತಿ ಅಲ್ಲಾಡಿಸಿ ನೋಡಬೇಕು. ಹತ್ತು ಸೆಕೆಂಡಿನ ಕೆಲಸ. ಸೆಕೆಂಡ್ ಹ್ಯಾಂಡ್ ತಗೊಳ್ಳೋರಂತೂ ಇದನ್ನ ಮರೀಲೇಬಾರದು.

ಗಾಡಿ ಕಥೆ ಇಷ್ಟು. ಈಗ ಕೂಸಿನ ವಿಷಯ. ನಡಿಗೆಗೆ ಬೇರೆ ವಯಸ್ಸು, ಓಟಕ್ಕೆ ಬೇರೆ. ಓಡೋ ಗಾಡಿಯಲ್ಲಿ ಕೂರಿಸೋಕೆ ಮಗುವಿಗೆ ಕನಿಷ್ಠ 6 ತಿಂಗಳು ಆಗಿರಬೇಕು ಅಂತ ಸಾಮಾನ್ಯವಾಗಿ ಹೇಳ್ತಾರೆ. 8 ತಿಂಗಳವರೆಗೆ ಕಾಯಿರಿ ಅನ್ನೋ ಡಾಕ್ಟರುಗಳೂ ಇದ್ದಾರೆ. ಯಾಕಂದ್ರೆ ಕತ್ತು ಗಟ್ಟಿಯಾಗಿ ನಿಲ್ಲಬೇಕು, ಕುಲುಕಾಟ ತಡ್ಕೊಬೇಕು. ದಿನ ತುಂಬೋ ಮುಂಚೆ ಹುಟ್ಟಿದ ಕೂಸಾದ್ರೆ ಲೆಕ್ಕ ಬೇರೆ ಆಗುತ್ತೆ. ಮುಂದಿನ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರನ್ನ ನೇರವಾಗಿ ಕೇಳಿ: "ಇದನ್ನ ಗಾಡೀಲಿ ಕೂರಿಸಿಕೊಂಡು ಓಡಬಹುದಾ?" ಅಂತ.

ತಾಯಿ ಮೈಯ ಲೆಕ್ಕವೂ ಇದೆ. 2019ರಲ್ಲಿ ಬ್ರಿಟನ್ನಿನ ಮೂವರು ಫಿಸಿಯೋಥೆರಪಿಸ್ಟ್‌ಗಳು ಹೆರಿಗೆ ಆದ ಮೇಲೆ ಓಟಕ್ಕೆ ಮರಳೋದರ ಬಗ್ಗೆ ಒಂದು ಮಾರ್ಗಸೂಚಿ ಬರೆದ್ರು. ಅದರ ಪ್ರಕಾರ 12 ವಾರಕ್ಕಿಂತ ಮುಂಚೆ ಓಡಬಾರದು. 12 ವಾರ ಆದ ತಕ್ಷಣ ಓಡಿ ಅಂತಲೂ ಅಲ್ಲ. ಮೂತ್ರ ಸೋರೋದು, ಕೆಳಹೊಟ್ಟೆ ಭಾರ ಅನ್ಸೋದು, ಸೊಂಟ ನೋವು ಇದ್ರೆ ಮೊದಲು ಅದನ್ನ ನೋಡಿಸಿಕೊಳ್ಳಬೇಕು. ಲೆಕ್ಕ ಹಾಕಿದ್ರೆ 12 ವಾರ ಅಂದ್ರೆ ಹತ್ತಿರ ಹತ್ತಿರ 3 ತಿಂಗಳು. ತವರಲ್ಲಿ 3 ತಿಂಗಳು ಬಾಣಂತನ ಮಾಡಿಸಿಕೊಂಡು ಬಾ ಅನ್ನೋ ನಮ್ಮ ಅಜ್ಜಿಯರ ಲೆಕ್ಕಕ್ಕೂ ಇದಕ್ಕೂ ಹೆಚ್ಚು ದೂರ ಇಲ್ಲ. ಸಿಸೇರಿಯನ್ ಆದವರು ಡಾಕ್ಟರ್ ಕೇಳದೆ ಶೂ ಕಟ್ಟಬೇಡಿ.

ಈಗ ಇವತ್ತಿನ ಮುಖ್ಯ ಮಾತಿಗೆ ಬರ್ತೀನಿ. ಅದು ರಸ್ತೆ.

ಯೂಟ್ಯೂಬಲ್ಲಿ ಸ್ಟ್ರಾಲರ್ ರಿವ್ಯೂ ಮಾಡೋರ ಹಿಂದೆ ಒಂದು ಪಾರ್ಕ್ ಇರುತ್ತೆ. ಮರ, ನುಣುಪಾದ ದಾರಿ, ಪಕ್ಕದಲ್ಲಿ ಕೆರೆ. ನಮ್ಮಲ್ಲಿ? ಯಶವಂತನಗರ, ಸಂಡೂರು ಅಂದ್ರೆ ಕಬ್ಬಿಣದ ಅದಿರಿನ ಸೀಮೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸೋ ಮುಂಚೆ ಈ ರಸ್ತೆಗಳಲ್ಲಿ ಲಾರಿ ಸಾಲು ಹೇಗಿತ್ತು ಅಂತ ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ, ಶಾಲೆಗೆ ಹೋಗೋವಾಗ ಬಿಳಿ ಯೂನಿಫಾರ್ಮ್ ಕೆಂಪಾಗಿ ಮನೆಗೆ ಬರ್ತಿತ್ತು. ಆಮೇಲೆ ನಿಯಮ ಬಂತು, 2013ರಲ್ಲಿ ಕೋರ್ಟ್ ಷರತ್ತು ಹಾಕಿ ಮತ್ತೆ ಬಿಡ್ತು. ಇವತ್ತಿಗೂ ಅದಿರು ಸಾಗ್ತಾನೇ ಇದೆ, ಲಾರಿ ಓಡ್ತಾನೇ ಇದೆ. ರಸ್ತೆ ಅಂಚಲ್ಲಿ ಕೆಂಪು ಧೂಳು ಕೂತೇ ಇರುತ್ತೆ.

ಇದಕ್ಕೂ ಸ್ಟ್ರಾಲರ್‌ಗೂ ಏನು ಸಂಬಂಧ? ಕೂಸಿನ ಮೂಗು ಎಷ್ಟು ಎತ್ತರದಲ್ಲಿ ಇರುತ್ತೆ ಯೋಚಿಸಿ. ಗಾಡಿಯಲ್ಲಿ ಕೂತ ಮಗು ನೆಲದಿಂದ ಎರಡರಿಂದ ಮೂರು ಅಡಿ ಎತ್ತರದಲ್ಲಿ ಉಸಿರಾಡುತ್ತೆ. ವಾಹನದ ಹೊಗೆ ಕೊಳವೆಯೂ ಕೆಳಗೇ, ಟೈರು ಎಬ್ಬಿಸೋ ಧೂಳೂ ಕೆಳಗೇ. ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ಪ್ರಶಾಂತ್ ಕುಮಾರ್ ಮತ್ತು ತಂಡದವರು ಇದನ್ನೇ ಅಳೆದು ನೋಡಿದ್ರು. ಗಿಲ್ಡ್‌ಫರ್ಡ್ ಊರಲ್ಲಿ, ಬೆಳಿಗ್ಗೆ ಮತ್ತು ಮಧ್ಯಾಹ್ನ ಶಾಲೆ ಬಿಡೋ ಹೊತ್ತಲ್ಲಿ. 2020ರಲ್ಲಿ ಪ್ರಕಟವಾದ ಫಲಿತಾಂಶ: ಗಾಡಿಯಲ್ಲಿರೋ ಮಗು, ತಳ್ಳೋ ದೊಡ್ಡವರಿಗಿಂತ ಶೇ 44ರವರೆಗೆ ಹೆಚ್ಚು ಮಾಲಿನ್ಯ ಉಸಿರಾಡಬಹುದು. ಅದು ಅದಿರು ಲಾರಿ ಇಲ್ಲದ ಊರಿನ ಲೆಕ್ಕ ರೀ. ನಮ್ಮ ರಸ್ತೆಯ ಲೆಕ್ಕ ನೀವೇ ಊಹಿಸಿ.

"ಹಂಗಾದ್ರ ಮೇಲೊಂದು ಬಟ್ಟೆ ಹೊದಿಸಿದ್ರ ಆತಲ್ಲ" ಅಂತ ಕೇಳಬಹುದು. ಗಾಡಿಗೇ ಅಂತ ಮಾಡಿದ ಮುಚ್ಚಳದಿಂದ ಸಣ್ಣ ಕಣ ಸ್ವಲ್ಪ ಕಡಿಮೆ ಆಗುತ್ತೆ, ಅದೇ ಅಧ್ಯಯನ ಅದನ್ನೂ ಹೇಳುತ್ತೆ. ಆದ್ರೆ ನಮ್ಮಲ್ಲಿ ಬಿಸಿಲಿದೆ. ಸಿಡ್ನಿ ವಿಶ್ವವಿದ್ಯಾಲಯದವರು 2023ರಲ್ಲಿ ಹೇಳಿದ ಪ್ರಕಾರ ಒಣ ಬಟ್ಟೆ ಹೊದಿಸಿದ ಸ್ಟ್ರಾಲರ್ ಒಳಗೆ ಉಷ್ಣಾಂಶ ಹತ್ತಿರ ಹತ್ತಿರ 4 ಡಿಗ್ರಿವರೆಗೆ ಏರುತ್ತೆ. ಬಳ್ಳಾರಿ ಸೀಮೆಯ ಏಪ್ರಿಲ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇದ್ದಾಗ ಒಳಗೆ ಏನಾಗಬಹುದು ನೋಡಿ. ಧೂಳಿಗೆ ಅಂತ ಸೀರೆ ಹೊದಿಸಿದ್ರೆ ಸೆಕೆ, ಸೆಕೆಗೆ ಅಂತ ತೆಗೆದ್ರೆ ಧೂಳು. ಇದಕ್ಕೆ ಯಾವ ಕಂಪನಿ ಗಾಡಿಯಲ್ಲೂ ಉತ್ತರ ಇಲ್ಲ. ಉತ್ತರ ಇರೋದು ರಸ್ತೆ ಮತ್ತು ಹೊತ್ತಿನಲ್ಲಿ: ಲಾರಿ ಇಲ್ಲದ ದಾರಿ, ಬಿಸಿಲು ಏರೋ ಮುಂಚಿನ ಸಮಯ.

ಹಾಗಾದ್ರೆ ನಮ್ಮ ಸುತ್ತಮುತ್ತ ಎಲ್ಲಿ ಓಡಬಹುದು? ಒಂದೊಂದಾಗಿ ನೋಡೋಣ.

ಹೊಸಪೇಟೆ ಸುತ್ತ ರಾಷ್ಟ್ರೀಯ ಹೆದ್ದಾರಿ 50 ಮತ್ತು 67 ಇವೆ. ರಸ್ತೆ ಚೆನ್ನಾಗಿದೆ ಅಂತ ಹೆದ್ದಾರಿಯಲ್ಲಿ ಮಾತ್ರ ಗಾಡಿ ಇಳಿಸಬೇಡಿ. ಸರ್ವಿಸ್ ರಸ್ತೆಯೂ ಬೇಡ, ಎದುರುಬದುರು ಬೈಕ್ ಬರ್ತಾವೆ.

ಹಂಪಿಯ ಬಜಾರು, ಬಂಡೆ ದಾರಿ ಫೋಟೋಗೆ ಚಂದ, ಚಕ್ರಕ್ಕಲ್ಲ. ಗೆಜ್ಜಲ ಮಂಟಪದ ಹತ್ತಿರ ವಾಹನ ನಿಲ್ಲಿಸಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗೋ ಒಂದು ಕಿಲೋಮೀಟರ್ ಇದೆಯಲ್ಲ, ಅಲ್ಲಿ ಬ್ಯಾಟರಿ ಗಾಡಿ ಮಾತ್ರ ಓಡುತ್ತೆ, ಹೊಗೆ ಇಲ್ಲ. ಕೂಸಿನ್ನ ತಳ್ಳಿಕೊಂಡು ನಡೆಯೋಕೆ ಒಳ್ಳೇದು. ಪ್ರವಾಸಿಗರ ನಡುವೆ ಓಟ ಕಷ್ಟ.

ಕಂಪ್ಲಿ ಕಡೆಯವರಿಗೆ ಗದ್ದೆ, ಕಾಲುವೆ ದಾರಿ ಇದೆ. ಗಾಳಿ ಚೆನ್ನಾಗಿರುತ್ತೆ. ಆದ್ರೆ ಕಾಲುವೆ ದಂಡೆಗೆ ತಡೆಗೋಡೆ ಇಲ್ಲದ ಕಡೆ ಗಾಡಿ ಹಿಡಿದು ಓಡಲೇಬೇಡಿ. ಮೂರು ಚಕ್ರದ ಗಾಡಿ ಸ್ವಲ್ಪ ಪಕ್ಕಕ್ಕೆ ಎಳೆದ್ರೂ ನೀರು. ಗದ್ದೆ ನಡುವಿನ ಡಾಂಬರು ರಸ್ತೆ ಆದೀತು, ಟ್ರ್ಯಾಕ್ಟರ್ ಓಡಾಡೋ ಸುಗ್ಗಿ ಹೊತ್ತು ಬಿಟ್ಟು.

ಸಂಡೂರಿನವರಿಗೆ ಗುಡ್ಡ ಇದೆ. ಗುಡ್ಡ ಅಂದ್ರೆ ಇಳಿಜಾರು. ಓಡೋ ಗಾಡಿಯ ತೂಕವೇ 11ರಿಂದ 14 ಕಿಲೋ, ಕೂಸು ಒಂದು 9 ಕಿಲೋ, ನೀರಿನ ಬಾಟಲಿ, ಬ್ಯಾಗು ಸೇರಿ 25 ಕಿಲೋ ಹತ್ತಿರ ಬರುತ್ತೆ. ಒಂದು ಸಿಮೆಂಟ್ ಮೂಟೆಯ ಅರ್ಧ. ಇಳಿಜಾರಲ್ಲಿ ಅದು ಕೈ ತಪ್ಪಿದ್ರೆ ನೀವು ಓಡಿ ಹಿಡಿಯೋಕಾಗಲ್ಲ, ನೀವು 1500 ಮೀಟರ್ ಚಾಂಪಿಯನ್ ಆಗಿದ್ರೂ ಸಹ. ಅದಕ್ಕೇ ಮಣಿಕಟ್ಟಿನ ಪಟ್ಟಿ. ಇಳಿಜಾರಿನ ಊರಿನವರು ಕೈ ಬ್ರೇಕ್ ಇಲ್ಲದ ಗಾಡಿ ತಗೋಬೇಡಿ.

ದೋಣಿಮಲೈ ಥರದ ಟೌನ್‌ಶಿಪ್ ಒಳಗೆ ಮನೆ ಇರೋರು ಪುಣ್ಯವಂತರು, ಒಳಗಿನ ರಸ್ತೆಯೇ ಸಾಕು. ಉಳಿದವರಿಗೆಲ್ಲ ಉಳಿಯೋದು ಒಂದೇ ಜಾಗ: ಶಾಲೆ ಅಥವಾ ಕಾಲೇಜಿನ ಮೈದಾನ. ಮಣ್ಣಿನ ನೆಲ ಆದ್ರೂ ಪರವಾಗಿಲ್ಲ, ದೊಡ್ಡ ಚಕ್ರ ಇರೋದೇ ಅದಕ್ಕೆ. 400 ಮೀಟರ್ ಟ್ರ್ಯಾಕ್ ಇದ್ರೆ ಏಳೂವರೆ ಸುತ್ತು ಹಾಕಿದ್ರೆ 3 ಕಿಲೋಮೀಟರ್. ಬೋರು ಹೊಡೆಯುತ್ತೆ, ನಿಜ. ಅದಕ್ಕೇ ತಾನೇ ಪಾಡ್‌ಕಾಸ್ಟ್ ಇರೋದು. ಆದ್ರೆ ಗಾಡಿ ತಳ್ಳೋವಾಗ ಒಂದೇ ಕಿವಿಗೆ ಹಾಕ್ಕೊಳ್ಳಿ, ಇನ್ನೊಂದು ಕಿವಿ ಕೂಸಿಗೂ ನಾಯಿಗೂ ಇರಲಿ.

ನಮ್ಮ ಸೀಮೆಯ ಇನ್ನೊಂದು ಶತ್ರುವನ್ನ ಮರೆಯೋ ಹಾಗಿಲ್ಲ: ಬಳ್ಳಾರಿ ಜಾಲಿ. ಈ ಗಿಡಕ್ಕೆ ನಮ್ಮ ಜಿಲ್ಲೆಯ ಹೆಸರೇ ಬಿದ್ದಿದೆ ಅಂದ್ರೆ ಎಷ್ಟು ಮುಳ್ಳು ಇರಬೇಕು ನೋಡಿ. ಗಾಳಿ ಟೈರಿಗೆ ಪಂಕ್ಚರ್ ಗ್ಯಾರಂಟಿ. ಒಳ್ಳೇ ಸುದ್ದಿ ಏನಂದ್ರೆ 12 ಇಂಚು, 16 ಇಂಚು ಮಕ್ಕಳ ಸೈಕಲ್ಲಿನಲ್ಲೂ ಬರೋ ಅಳತೆ. ಕೊಳ್ಳೋ ಮುಂಚೆ ಟೈರಿನ ಮೇಲಿರೋ ಅಳತೆಯ ಫೋಟೋ ತೆಗೆದು ನಿಮ್ಮ ಊರಿನ ಸೈಕಲ್ ಶಾಪಿನವರಿಗೆ ತೋರಿಸಿ, ಟ್ಯೂಬ್ ಸಿಗುತ್ತಾ ಕೇಳಿ. ಸಿಗಲ್ಲ ಅಂದ್ರೆ ಗಾಡಿಯ ಆಯಸ್ಸು ಮೊದಲ ಮುಳ್ಳಿನವರೆಗೆ. ಬೈಕಿನಂಥ ವಾಲ್ವ್ ಇದ್ರೆ ಪಂಕ್ಚರ್ ಅಂಗಡಿಯಲ್ಲೇ ಗಾಳಿ ತುಂಬಿಸಬಹುದು, ಆದ್ರೆ ಬೈಕಿಗೆ ಹಾಕಿದಷ್ಟು ಹಾಕಿಸಬೇಡಿ. ಎಷ್ಟು ಅಂತ ಟೈರಿನ ಮೇಲೇ ಬರೆದಿರುತ್ತೆ. ಪಂಕ್ಚರ್ ತಲೆನೋವೇ ಬೇಡ ಅನ್ನೋರಿಗೆ ಒಳಗೆ ಫೋಮ್ ತುಂಬಿದ ಟೈರಿನ ಗಾಡಿಯೂ ಇದೆ. ಸ್ವಲ್ಪ ಗಡುಸು, ಕುಲುಕಾಟ ಸ್ವಲ್ಪ ಜಾಸ್ತಿ.

ಈಗ ದುಡ್ಡು. ನಾನು ಓದಿದ್ದು ಬಿ.ಕಾಂ, ಲೆಕ್ಕ ಹಾಕದೆ ಬಿಡೋಕಾಗಲ್ಲ. ಬೆಲೆ ದಿನಕ್ಕೊಂದು ಥರ ಇರುತ್ತೆ, ಅದಕ್ಕೆ ಉದಾಹರಣೆಗೆ ಒಂದು ಗಾಡಿ 40,000 ರೂಪಾಯಿ ಅಂತ ಇಟ್ಕೊಳ್ಳೋಣ. ಎರಡು ವರ್ಷ ಬಳಸಿ 15,000ಕ್ಕೆ ಮಾರಿದ್ರಿ. ನಿಜವಾದ ಖರ್ಚು 25,000. ವಾರಕ್ಕೆ 3 ಸಲ ಓಡ್ತೀರ. ಬೇಸಿಗೆ ಉರಿ, ಮಳೆ, ಜ್ವರ, ಮದುವೆ, ಜಾತ್ರೆ ಎಲ್ಲ ಬಿಟ್ಟು ವರ್ಷಕ್ಕೆ 40 ವಾರ ಅಂದ್ರೆ 120 ಓಟ. ಎರಡು ವರ್ಷಕ್ಕೆ 240. ಒಂದು ಓಟಕ್ಕೆ ಸುಮಾರು 104 ರೂಪಾಯಿ. ಇದು ತೀರಾ ಕೆಟ್ಟ ಲೆಕ್ಕ ಅಲ್ಲ.

ಅದೇ ಗಾಡಿ ತಂದು, ರಸ್ತೆ ಸರಿ ಇಲ್ಲ ಅಂತ ತಿಂಗಳಿಗೆ ಒಂದೇ ಸಲ ಓಡಿದ್ರಿ ಅನ್ಕೊಳ್ಳಿ. ಎರಡು ವರ್ಷಕ್ಕೆ 24 ಓಟ. ಒಂದು ಓಟಕ್ಕೆ ಸಾವಿರ ರೂಪಾಯಿ ದಾಟಿತು. ಗಾಡಿ ಅದೇ, ಬೆಲೆ ಅದೇ, ಬದಲಾಗಿದ್ದು ರಸ್ತೆ ಮಾತ್ರ. ಅದಕ್ಕೇ ನಾನು ಹೇಳೋದು, ಗಾಡಿ ಕೊಳ್ಳೋ ಮುಂಚೆ ರಸ್ತೆ ನೋಡಿ ಅಂತ.

ಹೇಗೆ ನೋಡೋದು? ಒಂದು ವಾರ ಪರೀಕ್ಷೆ ಮಾಡಿ. ನೀವು ಓಡಬೇಕು ಅನ್ಕೊಂಡಿರೋ ಹೊತ್ತಿಗೆ, ಓಡಬೇಕು ಅನ್ಕೊಂಡಿರೋ ದಾರೀಲಿ, ಗಾಡಿ ಇಲ್ಲದೆ ಮೂರು ದಿನ ನಡೀರಿ. ಎಷ್ಟು ಲಾರಿ ಬಂತು, ಎಷ್ಟು ನಾಯಿ, ಎಷ್ಟು ಹಂಪ್ಸ್, ಮೈದಾನದ ಗೇಟ್ ಎಷ್ಟು ಗಂಟೆಗೆ ತೆಗೀತಾರೆ, ಆ ಗೇಟಲ್ಲಿ ಎರಡು ಅಡಿಗಿಂತ ಅಗಲದ ಗಾಡಿ ನುಗ್ಗುತ್ತಾ, ಮನೆಯಿಂದ ಮೈದಾನದವರೆಗೆ ಗಾಡಿ ಒಯ್ಯೋದು ಹೇಗೆ. ಮಡಚಿದ್ರೂ ಇದು ದೊಡ್ಡದೇ, ಸಣ್ಣ ಕಾರಿನ ಡಿಕ್ಕಿಯಲ್ಲಿ ಕಷ್ಟ, ಸ್ಕೂಟರ್ ಮೇಲಂತೂ ಆಗೋ ಮಾತಲ್ಲ. ಮೂರಕ್ಕೆ ಎರಡು ದಿನ "ಇಲ್ಲಿ ಕೂಸಿನ್ನ ತರಬಹುದು" ಅನ್ನಿಸಿದ್ರೆ ಮಾತ್ರ ದುಡ್ಡು ತೆಗೀರಿ.

ಅನ್ನಿಸಲಿಲ್ಲ ಅಂದ್ರೆ? ಅಲ್ಲಿಗೆ ಓಟ ಮುಗೀತಾ? ಇಲ್ಲ. ಫಿಲ್ ಬೇಕ್ಲರ್ ವಿಷಯಕ್ಕೆ ಆಮೇಲೆ ಬರ್ತೀನಿ ಅಂದಿದ್ನಲ್ಲ, ಅದು ಇಲ್ಲಿಗೆ. ನಮ್ಮಲ್ಲಿ ಗಾಡಿಯ ಮಾತು ಬಂದ್ರೆ ಎಲ್ಲರೂ ತಾಯಿ ತಳ್ಳೋದನ್ನೇ ಊಹಿಸ್ತಾರೆ. ಅತ್ತಿ ಹೇಳ್ತಾರೆ, "ಕೂಸಿನ್ನ ಗಾಡ್ಯಾಗ ಹಾಕ್ಕೊಂಡು ಓಡ್ತಾಳಂತ, ಮಂದಿ ಏನಂತಾರ." ಅಪ್ಪ ಆದವನ ಸುದ್ದಿಯೇ ಬರಲ್ಲ. ಶಿಫ್ಟ್ ಡ್ಯೂಟಿಯ ಗಂಡ ಎಲ್ಲಾ ವಾರ ಬೆಳಿಗ್ಗೆ ಡ್ಯೂಟಿಯಲ್ಲೇ ಇರಲ್ಲ. ಮಧ್ಯಾಹ್ನದ ಶಿಫ್ಟಿನ ವಾರ ಬೆಳಿಗ್ಗೆ ಮನೆಯಲ್ಲೇ ಇರ್ತಾರೆ. ಆ ವಾರ ಮೂರು ದಿನ, ಅರ್ಧ ತಾಸು, ಕೂಸು ಅಪ್ಪನ ಕೈಯಲ್ಲಿ. ಇದಕ್ಕೆ ಖರ್ಚು ಸೊನ್ನೆ, ಧೂಳೂ ಸೊನ್ನೆ. ಉಳಿದ ವಾರಗಳಲ್ಲಿ ಮಾಮೂಲಿ ಗಾಡಿ ತಳ್ಳಿಕೊಂಡು ಬಿರುಸಿನ ನಡಿಗೆ, ಅಥವಾ ಮೈದಾನದಲ್ಲಿ ಇಬ್ಬರು ತಾಯಂದಿರು ಸೇರಿ ಸರದಿ: ಒಬ್ಬರು ಕೂಸುಗಳ ಹತ್ತಿರ, ಒಬ್ಬರು ಟ್ರ್ಯಾಕ್ ಮೇಲೆ.

ಯಶವಂತನಗರದ ತಂಗಿಗೆ ನನ್ನ ಉತ್ತರ ಹೀಗಿದೆ. ಕೂಸಿಗೆ 7 ತಿಂಗಳು, ಡಾಕ್ಟರ್ ಒಂದು ಮಾತು ಹೇಳಲಿ. ಅದಿರು ಲಾರಿ ಓಡೋ ರಸ್ತೆ ಬದಿಯಲ್ಲೇ ಓಡಬೇಕು ಅಂತಾದ್ರೆ ಯಾವ ಗಾಡಿಯೂ ಬೇಡ, ಮನೆಯವರ ಹತ್ತಿರ ಅರ್ಧ ತಾಸು ಕೇಳಿ ತಗೊಳ್ಳಿ. ಅದು ಉಪಕಾರ ಅಲ್ಲ, ನಿಮ್ಮ ಪಾಲು. ನಡೆದು ಹೋಗೋಷ್ಟು ಹತ್ತಿರದಲ್ಲಿ ಬೆಳಿಗ್ಗೆ 6ಕ್ಕೆ ತೆರೆಯೋ ಒಂದು ಮೈದಾನ ಇದ್ರೆ, ಲಾಕ್ ಆಗೋ ಮುಂದಿನ ಚಕ್ರ, ಐದು ಕಡೆಯ ಬೆಲ್ಟ್, ಮಣಿಕಟ್ಟಿನ ಪಟ್ಟಿ, ಕೈ ಬ್ರೇಕ್, ಊರಲ್ಲಿ ಸಿಗೋ ಟ್ಯೂಬ್, ಈ ಐದೂ ಇರೋ ಗಾಡಿ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದ್ರೂ ಸರಿ, ಚಕ್ರ ಅಲ್ಲಾಡಿಸಿ ನೋಡಿ. ಮೊದಲ ಎರಡು ವಾರ ತಳ್ಳಿಕೊಂಡು ನಡೀರಿ, ಆಮೇಲೆ ಓಡಿ.

ಕೇಳುಗರಿಗೆಲ್ಲ ಒಂದು ಕೆಲಸ ಕೊಡ್ತೀನಿ. ನಿಮ್ಮ ಊರಲ್ಲಿ, ಅದು ಹೊಸಪೇಟೆ ಆಗ್ಲಿ, ಕಂಪ್ಲಿ ಆಗ್ಲಿ, ಕಮಲಾಪುರ ಆಗ್ಲಿ, ಲಾರಿ ಬರದ, ಕೂಸಿನ್ನ ಕರ್ಕೊಂಡು ಹೋಗಬಹುದಾದ ಒಂದೇ ಒಂದು ಕಿಲೋಮೀಟರ್ ದಾರಿ ಯಾವುದು? ವಾಯ್ಸ್ ನೋಟ್ ಮಾಡಿ ಕಳಿಸಿ. ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡೋಣ. ಪಟ್ಟಿ ಚಿಕ್ಕದಾಗಿದ್ರೆ, ಮುಂದಿನ ಸಲ ವೋಟು ಕೇಳೋಕೆ ಬಂದವರಿಗೆ ಆ ಚಿಕ್ಕ ಪಟ್ಟಿಯನ್ನೇ ತೋರಿಸೋಣ.

ಮುಂದಿನ ವಾರ ಮತ್ತೆ ಸಿಗ್ತೀನಿ. ಅಲ್ಲಿವರೆಗೆ ಆರಾಮಾಗಿರಿ, ಶೂ ಲೇಸ್ ಗಟ್ಟಿ ಕಟ್ಟಿಕೊಳ್ಳಿ. ನಮಸ್ಕಾರ.